ಸಮುದ್ರ ಮುಟ್ಟೋ ತನಕ ಸಿಟ್ಟಿಲ್ಲ

ಸಮುದ್ರದ ನೀರು ಕಾಲಿಗೆ ತಾಕುವ ತನಕ ಮಚ್ಛೇಂದ್ರ ಸಿಟ್ಟು ಮಾಡಬಾರದು. ಮಾಡಿದರೆ ಮಾಡಿದ ಜಾಗದಿಂದಲೇ ಅವನು ವಾಪಸ್. ಹೊರಡುವ ದಿನ ಬೆಳಿಗ್ಗೆ ಚಹಾ ಕೊಡುತ್ತ ಅವನ ಹೆಂಡತಿ ಮಹಾಮಾಯಾ ಹಾಕಿದ ಷರತ್ತು ಇದು. ಕೇಳಿದ ಕೂಡಲೇ ಅವನಿಗೆ ಸಿಟ್ಟು ಬಂತು.

“ನಾ ಯಾವಾಗ ಸಿಟ್ಟ ಮಾಡೇನಿ?” ಎಂದ, ಓಣಿಗೆಲ್ಲ ಕೇಳುವ ಹಾಗೆ.

“ಈಗ,” ಎಂದಳು ಮಹಾಮಾಯಾ. “ಇದೊಂದು ಮಾಫ್. ಇನ್ನ ಮುಂದ ಮಾಫಿ ಇಲ್ರಿ.”

ಅವಳು ಹಾಗೆ ಹೇಳಿದ್ದರಲ್ಲಿ ತಪ್ಪೇನಿದೆ ಹೇಳಿ. ಈ ಮನುಷ್ಯನ ಸಿಟ್ಟು ಬೀದರಿನಲ್ಲಿ ಗೊತ್ತಿಲ್ಲದವರಿಲ್ಲ. ಕಚೇರಿಯಲ್ಲಿ ಇವನ ಖಿಡಕಿಯ ಮುಂದೆ ಪಾಳಿಯೇ ಇರುವುದಿಲ್ಲ. ಮಂದಿ ದೂರದಿಂದಲೇ ಇವನ ಮುಖ ನೋಡಿ, ನಾಳೆ ಬಂದರಾಯಿತು ಎಂದು ತಿರುಗಿ ಹೋಗುತ್ತಾರೆ. ಒಮ್ಮೆ ಗಂಡ ಹೆಂಡತಿ ಹೈದರಾಬಾದಿಗೆಂದು ಹೊರಟವರು ಬಸ್‌ಸ್ಟ್ಯಾಂಡಿನಲ್ಲೇ ಸೀಟಿನ ಸಲುವಾಗಿ ಜಗಳಾಡಿ ಮನೆಗೆ ಬಂದರು. ಅಜಂತಾ ನೋಡಲು ಹೊರಟವರು ಉದಗೀರದಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆಯಾಗಿದ್ದಕ್ಕೆ ಗದ್ದಲವೆದ್ದು ಅಲ್ಲಿಂದಲೇ ತಿರುಗಿದರು. ಮದುವೆಯಾದಾಗಿನಿಂದ ಮಹಾಮಾಯಾ ನೋಡಿದ್ದೆಲ್ಲ ಅರ್ಧ ದಾರಿಯೇ.

ಆದರೆ ಈ ಸಲದ ಮಾತು ಬೇರೆ. ಬಿಪಿ ಜಾಸ್ತಿ ಇದೆ, ಸೈಕಲ್ ಹೊಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಮಚ್ಛೇಂದ್ರ ಗೇರಿನ ಸೈಕಲ್ ತಂದಿದ್ದ. ಮೊಬೈಲಿನಲ್ಲಿ ಯಾರೋ ಸಮುದ್ರದ ದಂಡೆಗುಂಟ ಸೈಕಲ್ ಹೊಡೆಯುವುದನ್ನು ನೋಡಿದ. ಅಂದಿನಿಂದ ಅವನ ತಲೆಯಲ್ಲಿ ಸಮುದ್ರ ಹೊಕ್ಕು ಕುಳಿತುಬಿಟ್ಟಿತು. ಕೂದಲು ಬೆಳ್ಳಗಾಗುತ್ತ ಬಂದರೂ ಅವನು ಸಮುದ್ರ ಕಂಡವನಲ್ಲ. ಕಾರವಾರದಿಂದ ಮಂಗಳೂರಿನ ತನಕ ದಂಡೆ ಹಿಡಿದು ಹೋಗುವುದು, ಅವನು ಸೈಕಲ್ ಮೇಲೆ, ಸಾಮಾನು ಕಟ್ಟಿಕೊಂಡು ಅವಳು ಮೊಪೆಡ್ ಮೇಲೆ. ಹೆಣ್ಣುಮಕ್ಕಳ ಸಾಲೆಯಲ್ಲಿ ಗಣಿತ ಕಲಿಸುವ ಮಹಾಮಾಯಾ ದಿನಾ ಅದೇ ಮೊಪೆಡ್ ಮೇಲೆ ಹೋಗಿಬರುವವಳು. ಮಚ್ಛೇಂದ್ರ ಸಾಹೇಬರ ಕಾಲು ಹಿಡಿದು ರಜೆ ಮಂಜೂರು ಮಾಡಿಸಿಕೊಂಡಿದ್ದ. ಈ ಸಲ ತಪ್ಪಿದರೆ ಇಂಥ ರಜೆ ಮತ್ತೆ ಇಲ್ಲವೆಂದು ಸಾಹೇಬರು ಮುಖಕ್ಕೆ ಹೇಳಿದ್ದರು.

ಕಾರವಾರ ಮುಟ್ಟಿಸುವ ಕೆಲಸ ಮಕ್ಸೂದನದು. ಸಾಲೆಯಲ್ಲಿ ಮಚ್ಛೇಂದ್ರನ ಜೋಡಿ ಕುಳಿತವನು, ಈಗ ಗಾಂಧಿ ಗಂಜ್ ಎಂಬ ಕಾಳಿನ ಪೇಟೆಯಲ್ಲಿ ಲಾರಿ ಡ್ರೈವರ್. ಬೀದರಿನಲ್ಲಿ ಅರ್ಧ ಲೋಡು ತೊಗರಿ ಬೇಳೆ ತುಂಬಿ, ಸಂಜೆ ಭಾಲ್ಕಿಯಲ್ಲಿ ಉಳಿದದ್ದು ತುಂಬಿಕೊಂಡು ಹೊರಡುವವನಿದ್ದ. “ಸೈಕಲ್, ಗಾಡಿ ಎರಡೂ ಚೀಲದ ಮ್ಯಾಲ ಕಟ್ತೇನಿ. ನೀವಿಬ್ಬರೂ ಕ್ಯಾಬಿನ್‌ದಾಗ ಕೂಡ್ರಿ. ದೀಪ ಹಚ್ಚೋದ್ರೊಳಗ ಭಾಲ್ಕಿಗಿ ಬರ್ರಿ ಭಾಯಿ, ತಡಾ ಆದ್ರ ಶೇಟ್ ನನ್ನ ಬಿಡಂಗಿಲ್ಲ,” ಎಂದಿದ್ದ.

ಬೀದರಿನಿಂದ ಭಾಲ್ಕಿಗೆ ನೆಟ್ಟಗೆ ರಸ್ತೆಯಿದೆ. ಆದರೆ ಇವರು ನೆಟ್ಟಗೆ ಹೋಗುವಂತಿರಲಿಲ್ಲ. ಮಚ್ಛೇಂದ್ರನ ಅಕ್ಕ ಅನುಸೂಯಾಬಾಯಿ ಔರಾದದಲ್ಲಿದ್ದಾಳೆ. ದೂರದ ಊರಿಗೆ ಹೋಗುವವರು ಹಿರಿಯರ ಮನೆಗೆ ಹೋಗಿ, ಎದುರಿಗೆ ನಿಂತು ಹೇಳಿ ಹೋಗಬೇಕು. ಫೋನಿನಲ್ಲಿ ಹೇಳಿ ಹೋದರೆ ಆ ಅಕ್ಕ ಮುಂದೆ ಯಾವ ಮದುವೆಯಲ್ಲೂ ಇವನ ಕಡೆ ಮುಖ ಮಾಡುವವಳಲ್ಲ. ಹೀಗಾಗಿ ಸಮುದ್ರ ಒಂದು ದಿಕ್ಕಿಗಿದ್ದರೆ ಇವರು ಇನ್ನೊಂದು ದಿಕ್ಕಿಗೆ ಹೊರಟರು.

ಹೊಸ್ತಿಲು ದಾಟಿಲ್ಲ, ಮಗ್ಗಲ ಮನೆಯ ಹಾಜಿರಾಬೀ ಕಬ್ಬಿಣದ ತೊಟ್ಟಿಲೊಂದನ್ನು ದರದರ ಎಳೆದುಕೊಂಡು ಬಂದಳು.

“ಮಚ್ಛೇಂದರ್ ಭಾಯಿ, ನಮ್ಮ ನಾಜಿಯಾ ಭಟಕಳದಾಗ ಅದಾಳಲ್ಲ, ಆಕಿ ಹಡದಾಳ. ನಿಮ್ಮ ದಾರ್ಯಾಗ ಬರ್ತದಂತ. ಇದಿಷ್ಟು ಮುಟ್ಟಸ್ರಿ.”

“ಭಟಕಳದಾಗ ತೊಟ್ಟಿಲಾ ಸಿಗಂಗಿಲ್ಲೇನ್ರಿ ಖಾಲಾ?”

“ಸಿಗ್ತಾವ. ಖರೆ ನಾಜಿಯಾ ಇದರಾಗ ಮಲಗಿದಾಕಿ. ಅಂಗಡಿ ತೊಟ್ಟಿಲದಾಗ ನಮ್ಮ ಖಾನ್‌ದಾನಿನ ಕೂಸು ನಿದ್ದಿ ಮಾಡಂಗಿಲ್ಲ.”

ಮಚ್ಛೇಂದ್ರನ ಕುತ್ತಿಗೆಯ ನರ ಉಬ್ಬಿತು. ಸೈಕಲ್ ಮೇಲೆ ಸಮುದ್ರಕ್ಕೆ ಹೊರಟವನ ಕೈಗೆ ತೊಟ್ಟಿಲು ಕೊಡುವುದೆಂದರೆ ಏನು, ಇವನೇನು ಟೆಂಪೋನಾ? ಬೇರೆ ದಿನವಾಗಿದ್ದರೆ ಹಾಜಿರಾಬೀ ಓಣಿಯ ತುದಿಗೆ ಹೋಗಿ ನಿಲ್ಲುತ್ತಿದ್ದಳು. ಆದರೆ ಮಹಾಮಾಯಾ ಮೊಪೆಡ್ಡಿನ ಕನ್ನಡಿಯಲ್ಲಿ ಇವನ ಮುಖವನ್ನೇ ನೋಡುತ್ತಿದ್ದಳು. ಈ ಮನುಷ್ಯನಿಗೆ ‘ಇಲ್ಲ’ ಎನ್ನಲು ಗೊತ್ತಿದ್ದುದು ಒಂದೇ ರೀತಿ, ಅದು ಒದರಿ ಹೇಳುವುದು. ಆ ದಾರಿ ಇವತ್ತು ಬಂದ್. ಆದ್ದರಿಂದ ಹಲ್ಲು ಕಿರಿದು, “ತರ್ರಿ ಖಾಲಾ, ಅದಕ್ಕೇನು,” ಎಂದ.

ಇಷ್ಟು ವರ್ಷದ ನೆರೆಯಲ್ಲಿ ಹಾಜಿರಾಬೀ ಅವನ ಹಲ್ಲು ನೋಡಿದ್ದು ಅದೇ ಮೊದಲು. ಖುಷಿಯಾಗಿ ಒಳಗೆ ಹೋಗಿ ಮಾವಿನ ಉಪ್ಪಿನಕಾಯಿಯ ಡಬ್ಬಿಯನ್ನೂ ತಂದಳು. ತೊಟ್ಟಿಲು ಮೊಪೆಡ್ಡಿನ ಹಿಂದೆ ಕುಳಿತಿತು. ಅಲ್ಲಿದ್ದ ಚೀಲಗಳೆಲ್ಲ ಸೈಕಲ್ಲಿಗೆ ಬಂದವು.

ಬಿಸಿಲೇರುವ ಹೊತ್ತಿಗೆ ಸಂತಪುರ ಮುಟ್ಟಿದರು. ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಸಿದ್ದೇಶ್ವರ ಕುಳಿತಿದ್ದ. ಇವನ ಕಚೇರಿಯಲ್ಲೇ ನೌಕರಿ ಮಾಡಿ ರಿಟೈರ್ ಆದವನು, ಊರಿನ ಸುದ್ದಿಯೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವ ಆಸಾಮಿ. ಅವನು ಮೊದಲು ತೊಟ್ಟಿಲು ನೋಡಿದ, ಆಮೇಲೆ ಮಹಾಮಾಯಾಳನ್ನು ನೋಡಿದ, ಕೊನೆಗೆ ಮಚ್ಛೇಂದ್ರನ ನರೆತ ಮೀಸೆ ನೋಡಿದ.

“ಯಾವಾಗರಿ?” ಎಂದ ಮೆಲ್ಲಗೆ.

“ಏನು ಯಾವಾಗ?”

“ನಮ್ಮ ಮುಂದ ಯಾಕ್ರಿ ಮುಚ್ಚಿಡ್ತೀರಿ, ತೊಟ್ಟಿಲಾನೂ ಬಂದದ.”

ಮಹಾಮಾಯಾಳ ಮುಖ ಕೆಂಪಾಯಿತು. ಅವರ ಮಗಳು ಆಮ್ರಪಾಲಿ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಾಳೆ. “ಹಂಗೇನಿಲ್ರಿ. ಇದು ಮಗ್ಗಲ ಮನಿಯವರದು, ಅವರ ಮಗಳಿಗೆ ಮುಟ್ಟಸಾಕ ಒಯ್ಯಾಕತ್ತೇವಿ,” ಎಂದಳು.

“ಹೌದ್ರಿ ಅಕ್ಕಾರ, ಹೌದ್ರಿ. ಮೊದಲ ತಿಂಗಳದಾಗ ಹಂಗೇ ಅನಬೇಕು. ನಮ್ಮ ಮನ್ಯಾಗೂ ಯಾರೂ ಖರೇ ಹೇಳ್ತಿದ್ದಿಲ್ಲ, ದೃಷ್ಟಿ ಆಗ್ತದಂತ.”

ಅಂಗಡಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಈ ಕಡೆಯ ರೂಢಿ ಅದು. ಮೊದಲ ತಿಂಗಳಲ್ಲಿ ಇದ್ದರೂ ಇಲ್ಲ ಎನ್ನುತ್ತಾರೆ. ಹೀಗಾಗಿ ಇಲ್ಲದವರು ಇಲ್ಲ ಎಂದರೂ ಇದೆ ಎಂದೇ ಲೆಕ್ಕ. ಒಬ್ಬ ಬೀದರಿನ ಒಳ್ಳೆಯ ಡಾಕ್ಟರಮ್ಮನ ಹೆಸರು ಹೇಳಿದ. ಇನ್ನೊಬ್ಬ, ಈ ವಯಸ್ಸಿನಲ್ಲಿ ಮೊಪೆಡ್ ಬೇಡವೆಂದ. ಹಲ್ಲಿಲ್ಲದ ಮುದುಕನೊಬ್ಬ ಮಚ್ಛೇಂದ್ರನ ಬೆನ್ನು ತಟ್ಟಿ, “ಗಟ್ಟಿ ಅದೀ ಬಿಡಪ್ಪಾ,” ಎಂದ.

ಮಹಾಮಾಯಾ ಗಂಡನ ಕಡೆ ನೋಡಿದಳು. ಇವನು ಒಂದು ಸಲ ಗದರಿದ್ದರೆ ಅಂಗಡಿಯೇ ಖಾಲಿಯಾಗುತ್ತಿತ್ತು. ಅವನಿಗೂ ಗದರಬೇಕೆನಿಸಿತ್ತು. ಆದರೆ ಹೆಂಡತಿ ನೋಡಿದ್ದನ್ನು ಅವನು ಪರೀಕ್ಷೆ ಎಂದುಕೊಂಡ. ಸುಡುವ ಚಹಾವನ್ನು ಒಂದೇ ಗುಟುಕಿಗೆ ನುಂಗಿ, ಎರಡೂ ಕೈ ಜೋಡಿಸಿ, “ಎಲ್ಲಾ ನಿಮ್ಮ ಆಶೀರ್ವಾದ,” ಎಂದ.

ಮಹಾಮಾಯಾ ಮೊಪೆಡ್ ಚಾಲೂ ಮಾಡಿ, ಅವನು ಸೈಕಲ್ ಹತ್ತುವುದಕ್ಕೂ ಕಾಯದೆ ಹೊರಟುಬಿಟ್ಟಳು.

ಸಿದ್ದೇಶ್ವರ ಸುಮ್ಮನೆ ಕೂರುವ ಮನುಷ್ಯನಲ್ಲ. ಇವರು ಊರು ದಾಟುವುದರೊಳಗೆ ಅವನ ಫೋನು ಔರಾದ ಮುಟ್ಟಿತ್ತು, ಅಲ್ಲಿಂದ ಕಲಬುರಗಿಗೂ ಹೋಗಿತ್ತು. ದಾರಿಯಲ್ಲಿ ಮಚ್ಛೇಂದ್ರನ ಮೊಬೈಲು ಹೊಡೆದುಕೊಂಡಿತು. ಆಮ್ರಪಾಲಿ.

“ಪಪ್ಪಾ, ನಾ ಕೇಳಿದ್ದು ಖರೇನ?”

“ಇಲ್ಲವ್ವಾ.”

“ಇಲ್ಲ ಅಂತ ಇಷ್ಟು ಮೆಲ್ಲಕ ಅಂತೀರಲ್ಲ ಪಪ್ಪಾ. ಸುಳ್ಳ ಇದ್ರ ನೀವು ಒದರ್ತಿದ್ರಿ.” ಹುಡುಗಿ ಅಳುತ್ತ ಫೋನಿಟ್ಟಳು.

ಔರಾದದಲ್ಲಿ ಅನುಸೂಯಾಬಾಯಿ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮಹಾಮಾಯಾಳನ್ನು ಕೈಹಿಡಿದು ಒಳಗೆ ಕರೆದೊಯ್ದು ಹೊರಸಿನ ಮೇಲೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟಳು. ಆಮೇಲೆ ತಮ್ಮನ ಕಡೆ ತಿರುಗಿದಳು.

“ಮಚ್ಛ್ಯಾ, ನಿನಗ ಬುದ್ಧಿ ಯಾವಾಗ ಬರ್ತದ? ಇಂಥಾ ಹೊತ್ತಿನ್ಯಾಗ ಆಕೀನ ಗಾಡಿ ಮ್ಯಾಲ ಕುಂಡರಿಸಿ ಸಮುದ್ರ ತೋರಸಾಕ ಹೊಂಟೀಯಲ್ಲ.”

“ಅಕ್ಕಾರ, ಏನೂ ಇಲ್ರಿ. ನಿಮ್ಮ ಆಣೆ ಇಲ್ರಿ,” ಎಂದಳು ಮಹಾಮಾಯಾ.

“ನೀ ಸುಮ್ಮಕ ಕೂಡವ್ವಾ, ನಿನಗ ಆಯಾಸ ಆಗ್ಯದ. ನಾ ಅಂವನ್ನ ಕೇಳ್ಲಾಕತ್ತೇನಿ.”

ಊಟದ ತುಂಬ ಅದೇ. ಜೋಳದ ರೊಟ್ಟಿ, ಪುಂಡಿಪಲ್ಯೆ, ಬೇಳೆ, ಮೊಸರು. ಒಂದೊಂದು ರೊಟ್ಟಿಗೆ ಒಂದೊಂದು ಬೈಗುಳ. ಚಿಕ್ಕಂದಿನಲ್ಲಿ ಇವನು ಬಾವಿಗೆ ಬಿಂದಿಗೆ ಒಗೆದದ್ದು, ಮಾಸ್ತರರಿಗೆ ಎದುರು ಮಾತಾಡಿದ್ದು, ಇವನ ಸಿಟ್ಟಿನಿಂದ ತನ್ನ ಮದುವೆ ಮುರಿಯುವ ಹಂತಕ್ಕೆ ಬಂದದ್ದು ಎಲ್ಲ ಹೊರಗೆ ಬಂತು. ಮಚ್ಛೇಂದ್ರ ರೊಟ್ಟಿಯನ್ನು ಹರಿದ ರೀತಿ ನೋಡಿದ್ದರೆ ಯಾರಿಗೂ ಹೆದರಿಕೆಯಾಗಬೇಕು. ಆದರೆ ಬಾಯಲ್ಲಿ ಮಾತ್ರ, “ಹೌದಕ್ಕಾ, ಖರೇ ಅಕ್ಕಾ,” ಎನ್ನುತ್ತಿದ್ದ. ಅನುಸೂಯಾಬಾಯಿಗೆ ದಿಗಿಲಾಯಿತು. ಎದುರಾಡದ ಮಚ್ಛ್ಯಾನನ್ನು ಅವಳು ಕಂಡೇ ಇರಲಿಲ್ಲ. ಇವನು ಇಷ್ಟು ಮೆತ್ತಗಾಗಿದ್ದಾನೆಂದರೆ ಸುದ್ದಿ ಖಂಡಿತ ನಿಜ ಎಂದು ಗಟ್ಟಿ ಮಾಡಿಕೊಂಡಳು.

ಕೈತೊಳೆದು ಬರುವಷ್ಟರಲ್ಲಿ ಅವಳ ಕೈಯಲ್ಲಿ ಬಟ್ಟೆಯ ಚೀಲವಿತ್ತು.

“ನಾನೂ ಬರ್ತೇನಿ. ಆಕೀನ ನಿನ್ನ ಕೈಯಾಗ ಬಿಟ್ಟು ನನಗ ನಿದ್ದಿ ಹತ್ತಂಗಿಲ್ಲ. ಯಾಕ, ಬರಬಾರದೇನು?”

ಮಹಾಮಾಯಾ ಮತ್ತೆ ಗಂಡನ ಕಡೆ ನೋಡಿದಳು. ಈ ಸಲ ಅವಳ ಕಣ್ಣು ನೋಡುತ್ತಿರಲಿಲ್ಲ, ತಿವಿಯುತ್ತಿತ್ತು. ಬರಬೇಡ ಎಂಬ ಒಂದು ಮಾತು ಮಚ್ಛೇಂದ್ರನ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದು ಬಾಯಿಂದ ಬಿದ್ದರೆ ಒಂಟಿಯಾಗಿ ಬೀಳುವುದಿಲ್ಲ, ಹಿಂದಿನ ಮೂವತ್ತು ವರ್ಷದ್ದನ್ನೆಲ್ಲ ಎಳೆದುಕೊಂಡು ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಸಮುದ್ರವನ್ನು ನೆನೆಸಿಕೊಂಡ.

“ಬಾ ಅಕ್ಕಾ,” ಎಂದ.

ಔರಾದದಿಂದ ಭಾಲ್ಕಿಯ ತನಕದ ದಾರಿಯನ್ನು ಹೇಳಿದರೆ ನನಗೇ ಸಿಟ್ಟು ಬರುತ್ತದೆ. ಮೊಪೆಡ್ಡಿನ ಹಿಂದೆ ಅನುಸೂಯಾಬಾಯಿ ಕುಳಿತಳು, ಆದ್ದರಿಂದ ತೊಟ್ಟಿಲು ಸೈಕಲ್ಲಿನ ಕ್ಯಾರಿಯರಿಗೆ ಬಂತು. ಮೂರು ಚೀಲ, ಉಪ್ಪಿನಕಾಯಿ ಡಬ್ಬಿ, ಮೇಲೆ ಬುಡ ಮೇಲಾದ ಕಬ್ಬಿಣದ ತೊಟ್ಟಿಲು. ಎದುರುಗಾಳಿ ಬೇರೆ. ಕಾಲೆತ್ತಿ ಸೈಕಲ್ ಹತ್ತುವುದೇ ಸಾಧ್ಯವಿಲ್ಲದೆ ಮಚ್ಛೇಂದ್ರ ಪ್ರತಿ ಸಲವೂ ಕಲ್ಲು ಹುಡುಕಿ, ಅದರ ಮೇಲೆ ನಿಂತು ಹತ್ತಬೇಕಾಯಿತು. ಅನುಸೂಯಾಬಾಯಿ ಹಿಂದೆ ಕುಳಿತು, “ಮೆಲ್ಲಕ ಹೊಡಿಯವ್ವಾ, ತಗ್ಗು ಅದ, ಮೆಲ್ಲಕ,” ಎಂದು ಜಪ ಮಾಡುತ್ತಿದ್ದಳು. ಮೊಪೆಡ್ಡು ಸೈಕಲ್ಲಿಗಿಂತ ಹಿಂದೆ ಬಿತ್ತು. ಎಮ್ಮೆ ಕಾಯುವವರು, ಟ್ರ್ಯಾಕ್ಟರಿನವರು, ಸಾಲೆಯ ಮಕ್ಕಳು, ಕಂಡವರೆಲ್ಲ ಇವನಿಗೆ ಕೈಬೀಸಿದರು. ಇವನೂ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ನಗುತ್ತ ಕೈಬೀಸಿದ. ದವಡೆ ನೋಯತೊಡಗಿತ್ತು.

ಆದರೂ ದೀಪ ಹಚ್ಚುವ ಮೊದಲೇ ಭಾಲ್ಕಿ ಮುಟ್ಟಿದರು. ಲಾರಿ ನಿಂತಿತ್ತು. ಹಮಾಲರು ಬೇಳೆಯ ಚೀಲ ಏರಿಸುತ್ತಿದ್ದರು. ಮಕ್ಸೂದ ಓಡಿ ಬಂದು ಮಚ್ಛೇಂದ್ರನನ್ನು ತಬ್ಬಿಕೊಂಡ.

“ಮುಬಾರಕ್ ಭಾಯಿ. ನನಗೂ ಸುದ್ದಿ ಬಂತು.”

ಮಚ್ಛೇಂದ್ರ ಅವನ ಹೆಗಲ ಮೇಲೆ ಮುಖವಿಟ್ಟು ಹಲ್ಲು ಕಚ್ಚಿಕೊಂಡು ನಕ್ಕ. ಸೈಕಲ್, ಮೊಪೆಡ್, ತೊಟ್ಟಿಲು, ಚೀಲಗಳು ಎಲ್ಲ ಮೇಲಕ್ಕೆ ಹೋದವು. ಹಮಾಲರು ತಾಡಪತ್ರಿ ಎಳೆದು ಹಗ್ಗ ಬಿಗಿದರು. ಅವನಿಗೆ ಎದೆ ಉಬ್ಬಿತು. ಮುಂಜಾನೆಯಿಂದ ಇಷ್ಟೆಲ್ಲ ನುಂಗಿದ್ದ, ಒಂದು ಮಾತೂ ದನಿ ಏರಿಸಿ ಆಡಿರಲಿಲ್ಲ. ಇನ್ನು ಲಾರಿ ಹತ್ತಿದರೆ ಮುಗಿಯಿತು, ಸಮುದ್ರ ತಾನಾಗಿ ಬರುತ್ತದೆ.

ಹತ್ತಲು ಹೋದರೆ ಕಿಟಕಿಯ ಮಗ್ಗಲು ಅನುಸೂಯಾಬಾಯಿ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಾಗಿತ್ತು.

“ಭಾಯಿ, ಜಾಗಾ ಎರಡೇ ಅವ,” ಎಂದ ಮಕ್ಸೂದ ತಲೆ ಕೆರೆಯುತ್ತ. “ಕ್ಲೀನರ್ ಬ್ಯಾರೆ ಅದಾನ.”

“ನಾ ಮ್ಯಾಲ ಚೀಲದ ಮ್ಯಾಲ ಕೂಡ್ತೇನಿ,” ಎಂದ ಮಚ್ಛೇಂದ್ರ, ಸಂತನ ದನಿಯಲ್ಲಿ.

“ಆಗಂಗಿಲ್ಲ ಭಾಯಿ. ನಾಕಾದಾಗ ಪೊಲೀಸರು ನೋಡಿದ್ರ ನನ್ನ ಲೈಸೆನ್ಸ್ ಹೋಗ್ತದ.”

ಮಹಾಮಾಯಾ ಗಂಡನನ್ನು ಲಾರಿಯ ಹಿಂದಕ್ಕೆ ಕರೆದಳು. “ಅಕ್ಕಾರಿಗಿ ಇಳೀರಿ ಅಂತ ಹೇಳ್ರಿ.”

“ನೀ ಹೇಳು.”

“ನಿಮ್ಮ ಅಕ್ಕ. ನೀವ ಬಾ ಅಂದೀರಿ.”

“ಹ್ಯಾಂಗ ಹೇಳ್ಲಿ? ಸಿಟ್ಟ ಮಾಡಬಾರದು ಅಂತ ನೀನ ಷರತ್ತು ಹಾಕೀಯಲ್ಲ. ನೋಡು, ಇಡೀ ದಿನ ಒಂದ ಮಾತು ಆಡಿಲ್ಲ ನಾ.”

ಅಷ್ಟೇ ಸಾಕಾಯಿತು. ಮಹಾಮಾಯಾಳ ದನಿ ಭಾಲ್ಕಿಯ ಗಂಜ್ ಪೇಟೆಗೆಲ್ಲ ಕೇಳಿತು.

“ಸಿಟ್ಟ ಬ್ಯಾಡ ಅಂದಿದ್ದೆ. ಇಲ್ಲ ಅನ್ನೋದ ಬ್ಯಾಡ ಅಂದಿದ್ನೇನ್ರಿ? ತೊಟ್ಟಿಲಾ ಬ್ಯಾಡ ಅನ್ನಾಕ ಏನಾಗಿತ್ತು? ನಡು ರಸ್ತಾದಾಗ ನನ್ನ ಬಸುರಿ ಮಾಡಿ ‘ನಿಮ್ಮ ಆಶೀರ್ವಾದ’ ಅಂದ್ರಲ್ಲ, ನಾಚಿಕಿ ಬರಲಿಲ್ಲ ನಿಮಗ? ನಾಳಿಗಿ ಸಾಲ್ಯಾಗ ನಾ ಮಾರಿ ಹ್ಯಾಂಗ ತೋರಸ್ಲಿ?”

“ನನಗ ಇಲ್ಲ ಅನ್ನಾಕ ಸಿಟ್ಟ ಬೇಕಾಗ್ತದ!” ಎಂದು ಚೀರಿದ ಮಚ್ಛೇಂದ್ರ.

ಒಂದು ಸಲ ಬಾಯಿ ತೆರೆಯಿತು ನೋಡಿ, ಮುಂಜಾನೆಯಿಂದ ನುಂಗಿದ್ದೆಲ್ಲ ಸಾಲಾಗಿ ಹೊರಗೆ ಬಂತು. ಭಟಕಳದ ಕೂಸಿಗೆ ಬೀದರಿನ ತೊಟ್ಟಿಲು ಯಾಕ ಬೇಕೆಂದು ಕೇಳಿದ. ಸಿದ್ದೇಶ್ವರನಿಗೆ ಮನೆಯಲ್ಲಿ ಕೆಲಸವಿಲ್ಲೇನೆಂದು ಕೇಳಿದ. ಬೆನ್ನು ತಟ್ಟಿದ ಮುದುಕನ ಹಲ್ಲು ಹೋಗಿದ್ದು ಚಲೋ ಆಯಿತೆಂದ. ಮುಬಾರಕ್ ಹೇಳಿದ ಮಕ್ಸೂದನಿಗೆ ಸಾಲೆಯಲ್ಲಿ ಎಷ್ಟು ಬುದ್ಧಿಯಿತ್ತೋ ಇವತ್ತಿಗೂ ಅಷ್ಟೇ ಇದೆಯೆಂದ. ಬಾವಿಗೆ ಬಿಂದಿಗೆ ಒಗೆದದ್ದು ತಾನಲ್ಲ, ಅಕ್ಕನೇ ಒಗೆದು ತನ್ನ ಹೆಸರು ಹೇಳಿದ್ದಳೆಂದು ಕ್ಯಾಬಿನ್ನಿನ ಕಡೆ ಬೆರಳು ಮಾಡಿ ಒದರಿದ. ಹಮಾಲರು ಅಂಗಡಿಯ ಮುಂದಿನ ಚೀಲಗಳ ಮೇಲೆ ಕುಳಿತು ಕೇಳಿದರು. ಎದುರಿನ ಅಂಗಡಿಯ ಶೇಟಜಿ ತಕ್ಕಡಿ ಬಿಟ್ಟು ಹೊರಗೆ ಬಂದ.

ಕೊನೆಗೆ ಉಸಿರು ಮುಗಿಯಿತು. ಮಚ್ಛೇಂದ್ರನಿಗೆ ಜ್ವರ ಇಳಿದವರ ಹಾಗೆ ಮೈ ಹಗುರವಾಯಿತು. ನಿಜವಾದ ನಗು ಮುಖದ ಮೇಲೆ ಬಂತು.

“ಮುಗೀತೇನ್ರಿ?” ಎಂದಳು ಮಹಾಮಾಯಾ.

“ಮುಗೀತು. ಅಕ್ಕಾ, ಇನ್ನ ಇಳಿ.”

“ಅಕ್ಕಾರ ಯಾಕ ಇಳೀಬೇಕು? ಜಾಗಾ ಎರಡು ಅವ, ಮಂದಿ ಮೂರು ಅದೇವಿ. ಸಿಟ್ಟ ಮಾಡಿದವರು ವಾಪಸ್ ಅಂತ ಮುಂಜಾನಿನೇ ಮಾತಾಗ್ಯದ.”

“ನೀನೂ ಈಗ ಸಿಟ್ಟ ಮಾಡಿದ್ಯಲ್ಲ?”

“ಷರತ್ತು ನಿಮಗ ಇತ್ತು, ನನಗಲ್ಲ.” ಹಾಗೆಂದವಳೇ ಲಾರಿ ಹತ್ತಿದಳು. ಅನುಸೂಯಾಬಾಯಿ ಸರಿದು ಅವಳ ಬೆನ್ನಿಗೆ ತನ್ನ ಚೀಲ ಕೊಟ್ಟಳು. “ಅರ್ಧ ದಾರಿ ನೋಡಿ ನೋಡಿ ಸಾಕಾಗ್ಯದ ನನಗ,” ಎಂದಳು ಮಹಾಮಾಯಾ, ಯಾರಿಗೋ ಎಂಬಂತೆ.

ಮಚ್ಛೇಂದ್ರ ಮಕ್ಸೂದನ ಮುಖ ನೋಡಿದ. ಮಕ್ಸೂದ ಎರಡು ಹೆಜ್ಜೆ ಹಿಂದೆ ಸರಿದ. “ಬುರಾ ಮತ್ ಮಾನೋ ಭಾಯಿ. ಮುಂದ ಘಾಟ್ ಅದ. ಇಷ್ಟು ಒದರೋ ಮನಶ್ಯಾ ಮಗ್ಗಲಕ ಕುಂತ್ರ ನನ್ನ ಕೈ ನಡಗ್ತಾವ.”

“ನನ್ನ ಸೈಕಲ್ ಆದ್ರೂ ಇಳಸು.”

“ತಾಡಪತ್ರಿ ಕಟ್ಟಿ ಆಗ್ಯದ ಭಾಯಿ. ಬಿಚ್ಚಿ ಕಟ್ಟೋದ್ರಾಗ ಬೆಳಕ ಹರೀತದ. ಅದು ಕಾರವಾರ ನೋಡ್ಕೊಂಡು ಬರ್ಲಿ ಬಿಡ್ರಿ.”

ಲಾರಿ ಚಾಲೂ ಆಯಿತು. ಕಿಟಕಿಯಿಂದ ಅನುಸೂಯಾಬಾಯಿ ತಲೆ ಹೊರಗೆ ಹಾಕಿದಳು. ಬೈದದ್ದಕ್ಕೆ ಅವಳಿಗೇನೂ ಬೇಜಾರಾದಂತಿರಲಿಲ್ಲ. ತಮ್ಮ ಮತ್ತೆ ತಮ್ಮನಾದನಲ್ಲ ಎಂದು ಸಮಾಧಾನವೇ ಆಗಿತ್ತು.

“ಮಚ್ಛ್ಯಾ, ಹ್ಯಾಂಗಿದ್ರೂ ನಿನಗ ರಜಾ ಅದ. ಬೀದರಕ್ಕ ಹೋಗಿ ಏನ್ ಮಾಡ್ತಿ, ಔರಾದಕ್ಕ ಹೋಗು. ನಿಮ್ಮ ಭಾವನ ಬೆರಳು ಹಿಡ್ಕೊಂಡಾವ, ಎಮ್ಮಿ ಹಿಂಡಾಕ ಆಗಂಗಿಲ್ಲ. ಮಗ್ಗಲ ಮನಿಯವರಿಗಿ ಹೇಳಿ ಬಂದೇನಿ, ಖರೆ ಅವರು ಎಷ್ಟು ದಿನ ಹಿಂಡ್ಯಾರು? ನಾ ಬರೋ ತನಕ ಎರಡೂ ಹೊತ್ತು ನೀನೇ ಹಿಂಡು.”

ಮಚ್ಛೇಂದ್ರ ಬಾಯಿ ತೆರೆದ.

“ಮತ್ತ ಒಂದು ಮಾತು,” ಎಂದಳು ಅಕ್ಕ, ಲಾರಿ ಮುಂದೆ ಸರಿಯುತ್ತಿದ್ದಂತೆ. “ಆ ಎಮ್ಮಿ ಭಾಳ ನಾಜೂಕದ ತಮ್ಮಾ. ಅದರ ಮುಂದ ದನಿ ಎತ್ತಬ್ಯಾಡ. ಜರಾ ಸಿಟ್ಟ ಮಾಡಿದ್ರ ಹಾಲ ಕೊಡಂಗಿಲ್ಲ, ಒದೀತದ. ನಕ್ಕೋತ ಮಾತಾಡಸ್ಬೇಕು.”

ಲಾರಿಯ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಹಮಾಲರು ಎದ್ದು ತಮ್ಮ ಕೆಲಸಕ್ಕೆ ಹೋದರು. ಮಚ್ಛೇಂದ್ರ ಬಸ್‌ಸ್ಟ್ಯಾಂಡಿಗೆ ನಡೆದ. ಔರಾದದ ಬಸ್ಸು ತುಂಬಿ ತುಳುಕುತ್ತಿತ್ತು. ಅವನು ಹೇಗೋ ಬಾಗಿಲಲ್ಲಿ ಒಂದು ಕಾಲು ಊರಿದ್ದೇ ಕಂಡಕ್ಟರ್ ಮೈಮೇಲೆ ಬಂದ.

“ಏಯ್, ಬಾಗಲ್ದಾಗ ಯಾಕ ನಿಂತೀರಿ? ಕಣ್ಣ ಕಾಣಂಗಿಲ್ಲೇನು? ಒಳಗ ಸರೀರಿ.”

ಮಚ್ಛೇಂದ್ರ ಅವನ ಮುಖ ನೋಡಿ ಮೆಲ್ಲಗೆ ನಕ್ಕ. ಬೆಳಿಗ್ಗೆ ಎಮ್ಮೆಯ ಮುಂದೆ ಕೂರುವುದರೊಳಗೆ ಇದು ರೂಢಿಯಾಗಬೇಕಿತ್ತು.